ಅನ್ನ, ಮುದ್ದೆ ಬಿಟ್ಟರೂ ತೂಕ ಇಳಿಯುತ್ತಿಲ್ಲ. ಹೈ ಪ್ರೋಟೀನ್ ಊಟದಲ್ಲಿ ಕಾರ್ಬ್, ಕೊಬ್ಬು ಎಷ್ಟೆಷ್ಟು ಇರಬೇಕು?

ನೀವು ಬರೆದಿರುವುದು ಇಷ್ಟು: ತೂಕ 70 ಕೆಜಿ, ಕೂತು ಮಾಡುವ ಕೆಲಸ, ವಾರಕ್ಕೆ ನಾಲ್ಕು ದಿನ ಜಿಮ್. ಮೊಟ್ಟೆ ತಿನ್ನುತ್ತೀರಿ, ಮಾಂಸ ತಿನ್ನುವುದಿಲ್ಲ. ಮೂರು ವಾರದಿಂದ ಅನ್ನ, ಮುದ್ದೆ, ಚಪಾತಿ ಎಲ್ಲ ನಿಲ್ಲಿಸಿ ದಿನಕ್ಕೆ 200 ಗ್ರಾಂ ಪನೀರ್, ಆರು ಮೊಟ್ಟೆ, 100 ಗ್ರಾಂ ಹುರಿದ ಕಡಲೆಬೀಜ, ಅರ್ಧ ಲೀಟರ್ ಹಾಲು, ಜೊತೆಗೆ ತರಕಾರಿ ಪಲ್ಯ. ಮೊದಲ ವಾರ ಒಂದೂವರೆ ಕೆಜಿ ಇಳಿದು ಅಲ್ಲೇ ನಿಂತಿದೆ. ಮಲಬದ್ಧತೆ ಬೇರೆ, ಜಿಮ್‌ನಲ್ಲಿ ಅರ್ಧಕ್ಕೇ ಸುಸ್ತು.

ಮೊದಲು ನಿಮ್ಮ ಪಟ್ಟಿಯನ್ನೇ ಲೆಕ್ಕ ಹಾಕೋಣ. ಪ್ರೋಟೀನ್ ಮತ್ತು ಕಾರ್ಬ್ (ಪಿಷ್ಟ, ಸಕ್ಕರೆಯ ಅಂಶ) ಗ್ರಾಂಗೆ 4 ಕ್ಯಾಲೊರಿ, ಕೊಬ್ಬು ಗ್ರಾಂಗೆ 9. ಪನೀರ್‌ನಲ್ಲಿ ಸುಮಾರು 36 ಗ್ರಾಂ ಪ್ರೋಟೀನ್, 50 ಗ್ರಾಂ ಕೊಬ್ಬು. ಆರು ಮೊಟ್ಟೆಯಲ್ಲಿ 38 ಮತ್ತು 30. ಕಡಲೆಬೀಜದಲ್ಲಿ 25 ಮತ್ತು 49. ಟೋನ್ಡ್ ಹಾಲಿನಲ್ಲಿ 16 ಮತ್ತು 15. ಪಲ್ಯದ ಒಗ್ಗರಣೆಗೂ ಪನೀರ್ ಹುರಿಯುವುದಕ್ಕೂ ಸೇರಿ 30 ಮಿಲಿ ಎಣ್ಣೆ ಅಂದುಕೊಂಡರೆ ಇನ್ನೂ 27 ಗ್ರಾಂ ಕೊಬ್ಬು. ಒಟ್ಟು ಪ್ರೋಟೀನ್ 115 ಗ್ರಾಂ, ಕೊಬ್ಬು 171 ಗ್ರಾಂ, ಕಾರ್ಬ್ 45ರ ಆಸುಪಾಸು. ಕ್ಯಾಲೊರಿ 2200ರ ಹತ್ತಿರ, ಅದರಲ್ಲಿ ಶೇ. 70ರಷ್ಟು ಕೊಬ್ಬಿನದ್ದೇ! ನಿಮ್ಮಷ್ಟು ತೂಕ, ನಿಮ್ಮಷ್ಟು ಓಡಾಟ ಇರುವವರಿಗೆ ತೂಕ ಇದ್ದ ಹಾಗೇ ಇರಲು ಬೇಕಾಗುವುದು 2200ರಿಂದ 2400 ಕ್ಯಾಲೊರಿ. ಹಾಗಾಗಿ ತೂಕ ನಿಂತಿರುವುದರಲ್ಲಿ ಆಶ್ಚರ್ಯವಿಲ್ಲ. ಪ್ರೋಟೀನ್ ನೀವು ಸಾಕಷ್ಟು ತಿನ್ನುತ್ತಿದ್ದೀರಿ. ಆದರೆ ಅದರ ಜೊತೆಗೆ ಬರುತ್ತಿರುವುದನ್ನು ನೋಡಿಲ್ಲ.

ನಾನು ಹೇಳಬೇಕೆಂದಿರುವುದೂ ಇದನ್ನೇ. ನಮ್ಮ ಅಡುಗೆಮನೆಯಲ್ಲಿ ಪ್ರೋಟೀನ್ ಒಂಟಿಯಾಗಿ ಸಿಗುವುದು ಅಪರೂಪ. ಬೇಳೆಕಾಳಿನಲ್ಲಿ ಕಾರ್ಬ್ ಜೊತೆಗೆ ಬರುತ್ತದೆ: 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಪ್ರೋಟೀನ್ ಇದ್ದರೆ ಕಾರ್ಬ್ 60ರ ಹತ್ತಿರ. ಪನೀರ್, ಕಡಲೆಬೀಜ, ಬಾದಾಮಿ, ಇಡೀ ಮೊಟ್ಟೆಯಲ್ಲಿ ಕೊಬ್ಬು ಜೊತೆಗೆ ಬರುತ್ತದೆ. ಹೆಚ್ಚು ಕಡಿಮೆ ಬರೀ ಪ್ರೋಟೀನ್ ಅನ್ನಬಹುದಾದದ್ದು ಮೊಟ್ಟೆಯ ಬಿಳಿ, ವೇ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ), ಮಾಂಸ ತಿನ್ನುವವರಿಗೆ ಚರ್ಮ ತೆಗೆದ ಕೋಳಿಯ ಎದೆಭಾಗ, ಕೊಬ್ಬು ಕಡಿಮೆ ಇರುವ ಮೀನು. ಸೋಯಾ ಚಂಕ್ಸ್‌ನಲ್ಲಿ ಕಾರ್ಬ್ ಒಂದಿಷ್ಟಿದ್ದರೂ ಅರ್ಧದಷ್ಟು ಪ್ರೋಟೀನೇ. ಕಡಲೆಬೀಜವನ್ನು ಪ್ರೋಟೀನ್ ಲೆಕ್ಕದಲ್ಲಿ ತಿನ್ನಬೇಡಿ, ಅದು ಕೊಬ್ಬಿನ ಲೆಕ್ಕಕ್ಕೆ ಸೇರಬೇಕಾದದ್ದು. ಹಾಗೆ ಬರೆದುಕೊಂಡರೆ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ಹಂಚಿಕೆಗೆ 40-30-30 ಎಂಬ ಶೇಕಡಾ ಸೂತ್ರ ಹಿಡಿಯಬೇಡಿ. ತೂಕ ಇಳಿಯಲು ನಿಮಗೆ ದಿನಕ್ಕೆ 2000 ಕ್ಯಾಲೊರಿ ಅಂದುಕೊಳ್ಳೋಣ. ಅದರಲ್ಲಿ ಶೇ. 40 ಪ್ರೋಟೀನ್ ಅಂದರೆ 200 ಗ್ರಾಂ, ನಿಮ್ಮ ತೂಕಕ್ಕೆ ಕೆಜಿಗೆ 2.8 ಗ್ರಾಂ ಮೀರುತ್ತದೆ. ಅಷ್ಟು ಬೇಕಿಲ್ಲ. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಸಾಮಾನ್ಯ ವಯಸ್ಕರಿಗೆ ಹೇಳಿರುವ ಪ್ರಮಾಣ ಕೆಜಿಗೆ 0.83 ಗ್ರಾಂ. ಭಾರ ಎತ್ತುವ ವ್ಯಾಯಾಮ ಮಾಡುತ್ತಾ ಕೊಬ್ಬು ಕರಗಿಸಬೇಕೆನ್ನುವವರಿಗೆ 1.6 ಗ್ರಾಂ ಸಾಕು. ನಿಮಗೆ 110 ಗ್ರಾಂ ಇಟ್ಟುಕೊಳ್ಳಿ. ಅದನ್ನು ಮೊದಲು ಗಟ್ಟಿ ಮಾಡಿ. ಆಮೇಲೆ ಕೊಬ್ಬು: ಕೆಜಿಗೆ 0.8 ಗ್ರಾಂಗಿಂತ ಕೆಳಗೆ ಇಳಿಸಬೇಡಿ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತುವುದು ಕೊಬ್ಬಿನ ಜೊತೆಗೇ, ಹಾರ್ಮೋನುಗಳಿಗೂ ಅದು ಬೇಕು. ನಿಮಗೆ 60 ಗ್ರಾಂ. ಪ್ರೋಟೀನ್ 440, ಕೊಬ್ಬು 540, ಎರಡೂ ಸೇರಿ 980 ಕ್ಯಾಲೊರಿ. 2000ದಲ್ಲಿ ಉಳಿದ 1020ನ್ನು ಕಾರ್ಬ್‌ಗೆ ಬಿಟ್ಟುಕೊಡಿ, ಅಂದರೆ 255 ಗ್ರಾಂ. ಇಷ್ಟೊಂದಾ ಅನ್ನಿಸಬಹುದು. ಆದರೆ ಇದರಲ್ಲಿ ಬೇಳೆಕಾಳು, ಹಾಲು, ಹಣ್ಣು, ತರಕಾರಿಯ ಕಾರ್ಬ್ ಎಲ್ಲಾ ಸೇರಿದೆ. ಅನ್ನ, ಮುದ್ದೆಗೆ ಉಳಿಯುವುದು ನೂರು ಗ್ರಾಂ ಚಿಲ್ಲರೆ ಅಷ್ಟೇ.

ತಟ್ಟೆಗೆ ತಂದರೆ ಹೀಗೆ. ತೂಕಗಳೆಲ್ಲ ಬೇಯಿಸುವ ಮುಂಚಿನವು. ಬೆಳಗ್ಗೆ 60 ಗ್ರಾಂ ಹೆಸರುಕಾಳು, 15 ಗ್ರಾಂ ಅಕ್ಕಿ ನೆನೆಸಿ ರುಬ್ಬಿದ ದೋಸೆ, ಒಂದು ಟೀ ಚಮಚ ಎಣ್ಣೆ, ಎರಡು ಇಡೀ ಮೊಟ್ಟೆ: 27 ಗ್ರಾಂ ಪ್ರೋಟೀನ್. ಮಧ್ಯಾಹ್ನ 70 ಗ್ರಾಂ ಹಿಟ್ಟಿನ ರಾಗಿ ಮುದ್ದೆ, 50 ಗ್ರಾಂ ಹುರುಳಿಕಾಳು ಹಾಕಿದ ಗಟ್ಟಿ ಸಾರು, 30 ಗ್ರಾಂ ಸೋಯಾ ಚಂಕ್ಸ್ ಪಲ್ಯ, ಒಂದು ಬಟ್ಟಲು ಮೊಸರು, ಸಾರಿಗೂ ಪಲ್ಯಕ್ಕೂ ಸೇರಿ ಎರಡು ಟೀ ಚಮಚ ಎಣ್ಣೆ: 36 ಗ್ರಾಂ. ಜಿಮ್‌ಗೆ ಹೋಗುವ ಒಂದು ಗಂಟೆ ಮುಂಚೆ ಬಾಳೆಹಣ್ಣು, 250 ಮಿಲಿ ಟೋನ್ಡ್ ಹಾಲು: 9 ಗ್ರಾಂ. ರಾತ್ರಿ 60 ಗ್ರಾಂ ಅಕ್ಕಿಯ ಅನ್ನ, 40 ಗ್ರಾಂ ತೊಗರಿಬೇಳೆಯ ತೊವ್ವೆ, ಮೂರು ಮೊಟ್ಟೆಯ ಬಿಳಿ, 50 ಗ್ರಾಂ ಪನೀರ್ ಹಾಕಿದ ತರಕಾರಿ, ಒಂದು ಟೀ ಚಮಚ ಎಣ್ಣೆ: 32 ಗ್ರಾಂ. ದಿನಕ್ಕೆ 300 ಗ್ರಾಂ ತರಕಾರಿಯದ್ದೂ ಸೇರಿಸಿದರೆ ಪ್ರೋಟೀನ್ 110ಕ್ಕೆ ಬರುತ್ತದೆ, ಕೊಬ್ಬು 57, ಕಾರ್ಬ್ 265ರ ಹತ್ತಿರ. ಒಂದೇ ಹೊತ್ತಿಗೆ 70 ಗ್ರಾಂ ಪ್ರೋಟೀನ್ ಹೇರುವುದಕ್ಕಿಂತ ಹೀಗೆ ಮೂರು ಊಟಕ್ಕೂ 25-35 ಗ್ರಾಂ ಹಂಚುವುದು ಸ್ನಾಯುಗಳಿಗೆ ಒಳ್ಳೆಯದು. ಕಾಳಿನ ಜೊತೆ ಮುದ್ದೆ, ಅನ್ನ ಇರುವುದರಿಂದ ಇನ್ನೊಂದು ಅನುಕೂಲವಿದೆ. ಪ್ರೋಟೀನ್ ಆಗಿರುವುದು ಅಮೈನೋ ಆಮ್ಲಗಳಿಂದ; ಅವುಗಳಲ್ಲಿ ಧಾನ್ಯದಲ್ಲಿ ಕಡಿಮೆ ಇರುವ ಲೈಸೀನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನೀನ್ ಧಾನ್ಯದಲ್ಲಿದೆ.

ಈಗ ಲೆಕ್ಕ ತಪ್ಪುವ ಜಾಗಗಳು. ಎಲ್ಲಕ್ಕಿಂತ ದೊಡ್ಡದು ಸಾರು. ನಾಲ್ಕು ಜನರ ಮನೆಯಲ್ಲಿ 100 ಗ್ರಾಂ ಬೇಳೆ ಹಾಕಿ ಸಾರು ಮಾಡಿದರೆ ಒಬ್ಬರ ಪಾಲಿಗೆ 25 ಗ್ರಾಂ, ಅಂದರೆ ಐದೂವರೆ ಗ್ರಾಂ ಪ್ರೋಟೀನ್. ಮೇಲಿನ ತಿಳಿ ಮಾತ್ರ ಬಡಿಸಿಕೊಂಡರೆ ಅದೂ ಇಲ್ಲ. ಬಸ್ಸಾರಿನಲ್ಲೂ ಹಾಗೆಯೇ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲಿ ರುಚಿ ಇರುತ್ತದೆ, ಒಂದಿಷ್ಟು ಸಾರವೂ ಇಳಿದಿರುತ್ತದೆ, ಆದರೆ ಪ್ರೋಟೀನ್‌ನ ಬಹುಪಾಲು ಪಲ್ಯವಾಗುವ ಕಾಳಿನಲ್ಲೇ ಉಳಿಯುತ್ತದೆ. ಸಾರು ಸುರಿದುಕೊಂಡು ಪಲ್ಯ ಒಂದು ಚಮಚ ಹಾಕಿಸಿಕೊಂಡರೆ ಏನೂ ಸಿಕ್ಕಂತಾಗಲಿಲ್ಲ. ಸೌಟು ತಳಕ್ಕೆ ಇಳಿಯಲಿ. ಮನೆಯವರಿಗೆಲ್ಲ ಗಟ್ಟಿ ಸಾರು ಇಷ್ಟವಿಲ್ಲದಿದ್ದರೆ ನಿಮ್ಮ ಪಾಲಿನ ಬೆಂದ ಕಾಳನ್ನು ರುಬ್ಬುವ ಮೊದಲೇ ಬಟ್ಟಲಿಗೆ ತೆಗೆದಿಡಿ.

ಎರಡನೆಯದು ಹಸಿ ತೂಕ, ಬೆಂದ ತೂಕದ ಗೊಂದಲ. ಸೋಯಾ ಚಂಕ್ಸ್ ಪ್ಯಾಕೆಟ್ ಮೇಲಿನ 52 ಗ್ರಾಂ ಪ್ರೋಟೀನ್ ಒಣ 100 ಗ್ರಾಂನದ್ದು. ನೆನೆದು ಹಿಂಡಿದ ಮೇಲೆ ಅದು ಮೂರು ಪಟ್ಟು ತೂಗುತ್ತದೆ. ನೆನೆದ 100 ಗ್ರಾಂ ತಿಂದು 52 ಅಂತ ಬರೆದುಕೊಂಡರೆ ಒಂದೇ ಏಟಿಗೆ 35 ಗ್ರಾಂ ತಪ್ಪು. ಮೊಳಕೆಕಾಳಿಗೂ ಇದೇ ಮಾತು, 30 ಗ್ರಾಂ ಒಣಕಾಳು ಮೊಳಕೆ ಬಂದಾಗ ಎರಡು ಪಟ್ಟಾಗುತ್ತದೆ, ಹೆಚ್ಚಿದ್ದು ನೀರು. ಒಂದು ಅಡುಗೆ ತಕ್ಕಡಿ ಕೊಂಡುಕೊಳ್ಳಿ, ಒಣ ಪದಾರ್ಥ ತೂಗಿ ಬರೆದಿಡಿ. ಎರಡು ವಾರ ಮಾಡಿದರೆ ಕಣ್ಣಂದಾಜು ಬಂದುಬಿಡುತ್ತದೆ.

ಮೂರನೆಯದು ಎಣ್ಣೆ. ಒಂದು ಟೀ ಚಮಚಕ್ಕೆ 40 ಕ್ಯಾಲೊರಿ, ಆದರೆ ಬಾಣಲೆಗೆ ಯಾರೂ ಚಮಚದಲ್ಲಿ ಅಳೆದು ಹಾಕುವುದಿಲ್ಲ. ತಿಂಗಳ ಲೆಕ್ಕದಿಂದ ಹಿಡಿಯಿರಿ: ಮೂರು ಜನಕ್ಕೆ ತಿಂಗಳಿಗೆ ಮೂರು ಲೀಟರ್ ಖರ್ಚಾಗುತ್ತಿದ್ದರೆ ಒಬ್ಬರಿಗೆ ದಿನಕ್ಕೆ 33 ಮಿಲಿ, ಅಂದರೆ 30 ಗ್ರಾಂ ಕೊಬ್ಬು, 270 ಕ್ಯಾಲೊರಿ. ನಿಮ್ಮ 60 ಗ್ರಾಂನಲ್ಲಿ ಅರ್ಧ ಅಲ್ಲೇ ಹೋಯಿತು. ಮೇಲಿನ ಊಟಕ್ಕೆ ನಾಲ್ಕು ಟೀ ಚಮಚ ಎಣ್ಣೆ ಮಾತ್ರ ಹಿಡಿದಿದ್ದೇನೆ, ತಿಂಗಳಿಗೆ ಸುಮಾರು 600 ಮಿಲಿ.

ಸುಸ್ತಿಗೆ ಕಾರಣ ಕಾರ್ಬ್ ಕೊರತೆಯೇ ಇರಬೇಕು. ಭಾರ ಎತ್ತುವಾಗ ಸ್ನಾಯು ಬಳಸುವುದು ಗ್ಲೈಕೋಜನ್, ಅಂದರೆ ಒಳಗೆ ಕೂಡಿಟ್ಟ ಕಾರ್ಬ್. ದಿನಕ್ಕೆ 45 ಗ್ರಾಂ ಕಾರ್ಬ್‌ನಲ್ಲಿ ಅದು ತುಂಬುವುದಿಲ್ಲ. ಮೊದಲ ವಾರ ಇಳಿದ ಒಂದೂವರೆ ಕೆಜಿಯ ಬಹುಭಾಗವೂ ಅದೇ: ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಮುದ್ದೆ, ಅನ್ನ ಮತ್ತೆ ಶುರು ಮಾಡಿದ ವಾರ ಒಂದು ಕೆಜಿ ಏರಿದರೆ ಗಾಬರಿಯಾಗಿ ಮತ್ತೆ ನಿಲ್ಲಿಸಬೇಡಿ. ಏರಿದ್ದು ನೀರು, ಕೊಬ್ಬಲ್ಲ. ಬಹಳ ಜನ ಸೋಲುವುದು ಇದೇ ವಾರದಲ್ಲಿ.

ಮಲಬದ್ಧತೆಗೆ ನಾರು ಬೇಕು. ಪನೀರ್, ಮೊಟ್ಟೆ, ಹಾಲಿನಲ್ಲಿ ಅದು ಇಲ್ಲವೇ ಇಲ್ಲ, ರಾಗಿಯಲ್ಲಿ 100 ಗ್ರಾಂಗೆ 11 ಗ್ರಾಂ, ಹೆಸರುಕಾಳಿನಲ್ಲಿ ಅದಕ್ಕಿಂತ ಹೆಚ್ಚು. ಆದರೆ ಮೂರು ವಾರ ಕಾಳು ಬಿಟ್ಟಿದ್ದವರು ಒಂದೇ ದಿನ 150 ಗ್ರಾಂ ತಿಂದರೆ ಹೊಟ್ಟೆ ಉಬ್ಬರಿಸಿ ಕೂರಲಾಗುವುದಿಲ್ಲ. ಮೊದಲ ವಾರ ಅರ್ಧ ಹಾಕಿ, ನಾಲ್ಕೈದು ದಿನಕ್ಕೊಮ್ಮೆ 15 ಗ್ರಾಂ ಏರಿಸಿ, ಅಲ್ಲಿಯವರೆಗೆ ಕೊರತೆಯನ್ನು ಮೊಟ್ಟೆಯ ಬಿಳಿಯಿಂದ ತುಂಬಿ. ಹುರುಳಿಯಂಥ ಇಡೀ ಕಾಳನ್ನು ಎಂಟರಿಂದ ಹನ್ನೆರಡು ಗಂಟೆ ನೆನೆಸಿ ಆ ನೀರು ಚೆಲ್ಲಿ. ಇಂಗು, ಜೀರಿಗೆ ಮರೆಯಬೇಡಿ, ನೀರು ಚೆನ್ನಾಗಿ ಕುಡಿಯಿರಿ.

ಮೊಟ್ಟೆ ಬೇಡವೆನ್ನುವ ದಿನ ಮೇಲಿನ ಐದು ಮೊಟ್ಟೆಯ (ಎರಡು ಇಡೀ, ಮೂರರ ಬಿಳಿ) ಜಾಗಕ್ಕೆ ಒಂದು ಸ್ಕೂಪ್ ವೇ ಸರಿಹೋಗುತ್ತದೆ. ಸಾಮಾನ್ಯವಾಗಿ ಸ್ಕೂಪ್‌ಗೆ 24 ಗ್ರಾಂ ಪ್ರೋಟೀನ್ ಇರುತ್ತದೆ, ಡಬ್ಬದ ಹಿಂದಿನ ಪಟ್ಟಿ ಓದಿ ಖಚಿತ ಮಾಡಿಕೊಳ್ಳಿ. ಆ ದಿನ ಕೊಬ್ಬು ಹತ್ತು ಗ್ರಾಂ ಕಡಿಮೆಯಾಗುವುದರಿಂದ ಒಂದು ಹಿಡಿ ಕಡಲೆಬೀಜ, 20 ಗ್ರಾಂ, ಧೈರ್ಯವಾಗಿ ತಿನ್ನಿ.

ತೂಕವನ್ನು ದಿನಾ ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ನೋಡಿ, ಏಳು ದಿನದ ಸರಾಸರಿ ಬರೆದಿಡಿ. ವಾರಕ್ಕೆ 300-400 ಗ್ರಾಂ ಇಳಿದರೆ ಕೈ ಹಚ್ಚಬೇಡಿ. ನೀರಿನ ಆ ಮೊದಲ ವಾರ ಬಿಟ್ಟು ಮೂರು ವಾರ ಸರಾಸರಿ ಕದಲದಿದ್ದರೆ ರಾತ್ರಿಯ ಅಕ್ಕಿಯಲ್ಲಿ 30 ಗ್ರಾಂ ಕಡಿಮೆ ಮಾಡಿ ಅಥವಾ ಎರಡು ಟೀ ಚಮಚ ಎಣ್ಣೆ ಕಡಿಮೆ ಮಾಡಿ. ಪ್ರೋಟೀನ್ ಮುಟ್ಟಬೇಡಿ.

ಕಿಡ್ನಿ ತೊಂದರೆ ಇದ್ದರೆ ಅಥವಾ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಹೆಚ್ಚು ಬಂದಿದ್ದರೆ ಈ ಲೆಕ್ಕ ನಿಮಗಲ್ಲ, ಪ್ರೋಟೀನ್ ಎಷ್ಟೆಂದು ವೈದ್ಯರೇ ಹೇಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಏರಿಸುವ, ಇಳಿಸುವ ಮೊದಲು ಅವರನ್ನು ಕೇಳಿ. ಕಾರ್ಬ್ ಮಾತ್ರ ಇಳಿದು ಔಷಧಿ ಹಾಗೇ ಉಳಿದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು. ನಿಮ್ಮ ಪ್ರಶ್ನೆಯಲ್ಲಿ ಇವೆರಡರ ಪ್ರಸ್ತಾಪ ಇರಲಿಲ್ಲ, ಹಾಗಾಗಿ ಇಲ್ಲ ಎಂದುಕೊಂಡೇ ಇಷ್ಟು ಬರೆದಿದ್ದೇನೆ.