ಮಿಸ್, ಒಂದ್ ಪ್ರಶ್ನೆ: ಅಮ್ಮನ ಫೋನು, ಮಕ್ಕಳ ಕೈ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮೊಬೈಲಿನದೇ. ಮಗ್ಗಿ ಬಾರದವರು, ಊಟ ಬಿಡುವವರು, ಹಾಸಿಗೆಯಿಂದ ಏಳದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ. ಒಂದು ಪತ್ರಕ್ಕೆ ಅದೂ ಇಲ್ಲ.

ಪ್ರಶ್ನೆ: ನಾನು ಆಲೂರು ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಾಲ್ಕು, ಐದನೇ ತರಗತಿಯವರಿಗೆ ಆನ್‌ಲೈನ್ ಸುರಕ್ಷತೆಯ ಪಾಠ ಮಾಡಿ ಅಂತ ಹೇಳಿದ್ದಾರೆ. ಶಾಲೆಯಲ್ಲಿ ಕಂಪ್ಯೂಟರ್ ಇಲ್ಲ, ಮಕ್ಕಳ ಹತ್ತಿರ ಮೊಬೈಲೂ ಇಲ್ಲ. ಏನಂತ ಹೇಳಿಕೊಡಲಿ ಮೇಡಂ?

ಉತ್ತರ: ಮಕ್ಕಳ ಹತ್ತಿರ ಮೊಬೈಲ್ ಇಲ್ಲ ಅನ್ನೋದು ಶಾಲೆ ಬಿಡುವವರೆಗಿನ ಮಾತು. ಅಮ್ಮ ತೋಟದ ಕೆಲಸ ಮುಗಿಸಿ ಬಂದು ಅಡುಗೆಗೆ ನಿಂತ ಮೇಲೆ ಫೋನ್ ಯಾರ ಕೈಯಲ್ಲಿರುತ್ತೆ ಅಂತ ತರಗತಿಯಲ್ಲಿ ಒಮ್ಮೆ ಕೇಳಿ ನೋಡಿ. ನಾನು ಕೇಳಿದಾಗ ಎದ್ದ ಕೈಗಳಿಗಿಂತ ಏಳದ ಕೈಗಳನ್ನು ಎಣಿಸೋದು ಸುಲಭವಾಗಿತ್ತು.

ತೊಡಕು ಇರೋದೇ ಅಲ್ಲಿ. ಹೊರದೇಶದವರು ಬರೆದ ಪಾಠಗಳು ಮಗುವಿಗೆ ತನ್ನದೇ ಖಾತೆ, ತನ್ನದೇ ಪಾಸ್‌ವರ್ಡ್ ಇದೆ ಅಂದುಕೊಂಡು ಶುರುವಾಗುತ್ತವೆ. ನಮ್ಮ ಮಕ್ಕಳಿಗೆ ಸಿಗೋದು ಅಮ್ಮನ ಫೋನು. ಅದರಲ್ಲಿ ಫೋನ್‌ಪೇ ಇದೆ, ಸಂಘದ ಗ್ರೂಪ್ ಇದೆ, ನೆಂಟರಿಷ್ಟರ ನಂಬರೆಲ್ಲ ಇದೆ, ಗ್ಯಾಲರಿಯಲ್ಲಿ ಆಧಾರ್ ಕಾರ್ಡಿನ ಫೋಟೋ ಇದೆ. ಮಗು ಆಟ ಹುಡುಕುತ್ತಾ ಒತ್ತಿದ ಒಂದು ಬಟನ್ ಮನೆಯ ದುಡ್ಡಿಗೂ ತಾಗುತ್ತೆ, ಮನೆಯ ಮರ್ಯಾದೆಗೂ ತಾಗುತ್ತೆ. ಹಾಗಾಗಿ ‘ಇದು ನಿನ್ನ ಆಟದ ಸಾಮಾನಲ್ಲ, ಮನೆಯವರೆಲ್ಲರದ್ದು’ ಅನ್ನೋದರಿಂದ ಶುರುಮಾಡಿ. ಪಾಸ್‌ವರ್ಡಿನ ಪಾಠ ಆರನೇ ತರಗತಿಗೆ ಕಾಯಲಿ, ತೊಂದರೆಯಿಲ್ಲ.

ಕಂಪ್ಯೂಟರ್ ಬೇಡವೇ ಬೇಡ. ಹಳೇ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಒಬ್ಬೊಬ್ಬರಿಗೂ ಒಂದು ಫೋನ್ ಮಾಡಿಸಿ. ಮುಂದೆ ಕ್ಯಾಮೆರಾ, ಹಿಂದೆ ಸ್ಟಿಕ್ಕರ್ ಎಲ್ಲ ಅವರೇ ಬರೆದುಕೊಳ್ಳುತ್ತಾರೆ. ಕಳ್ಳನ ಪಾರ್ಟು ನನ್ನದು.

‘ಹಲೋ ಪುಟ್ಟಾ, ಅಪ್ಪ ಇದಾರಾ?’

‘ಇಲ್ಲ.’

‘ಅಪ್ಪಂಗೆ ಎರಡು ಸಾವಿರ ಕೊಡ್ಬೇಕಿತ್ತು ಕಣೋ. ಒಂದು ಲಿಂಕ್ ಕಳಿಸಿದೀನಿ. ಒತ್ತಿ, ಪಿನ್ ಹಾಕು. ದುಡ್ಡು ಬಂದ್ಬಿಡುತ್ತೆ.’

ಮೊದಲ ಸಲ ಆಡಿದಾಗ ಹುಡುಗರು ಬಲು ವಿನಯದಿಂದ ‘ಆಯ್ತು ಅಂಕಲ್’ ಅಂದುಬಿಡುತ್ತಾರೆ. ದೊಡ್ಡವರ ಮಾತಿಗೆ ಇಲ್ಲ ಅನ್ನಬಾರದು ಅಂತ ಕಲಿಸಿದವರು ನಾವೇ ಅಲ್ವಾ? ಆಗ ಬೋರ್ಡಿನ ಮೇಲೆ ಒಂದೇ ಸಾಲು ಬರೆಯಿರಿ: ದುಡ್ಡು ಬರೋಕೆ ಪಿನ್ ಬೇಡ, ಹೋಗೋಕೆ ಮಾತ್ರ ಪಿನ್ ಬೇಕು. ಯುಪಿಐ ನಡೆಯೋದೇ ಹಾಗೆ. ಮಕ್ಕಳು ಈ ಸಾಲನ್ನು ಮನೆಗೆ ಒಯ್ದು ಅಜ್ಜಿಗೂ ಒಪ್ಪಿಸುತ್ತಾರೆ, ಅದು ಉಚಿತ ಲಾಭ. ಆಮೇಲೆ ‘ಅಪ್ಪ ಬಂದ್ಮೇಲೆ ಮಾಡಿ’ ಅಂತ ಹೇಳಿ ಕಟ್ ಮಾಡೋದನ್ನು ಅಭ್ಯಾಸ ಮಾಡಿಸಿ. ಜೋರಾಗಿ, ನಾಚಿಕೆ ಬಿಟ್ಟು. ಮೆಲ್ಲಗೆ ಮಾತಾಡುವ ಹುಡುಗಿಯರಿಂದ ಎರಡೆರಡು ಸಲ ಮಾಡಿಸಿ.

ಇನ್ನೊಂದು ಪಾಠ ಆನೆಯದು. ಆಲೂರು, ಸಕಲೇಶಪುರ, ಬೇಲೂರು ಕಡೆ ವಾಟ್ಸಾಪಿನಲ್ಲಿ ಆನೆ ಸುದ್ದಿಗೆ ಬರವಿಲ್ಲ. ಅರಣ್ಯ ಇಲಾಖೆಯವರು ಕಳಿಸುವ ನಿಜವಾದ ಎಚ್ಚರಿಕೆಯೂ ಬರುತ್ತೆ. ಯಾವ ಕಾಲದ್ದೋ ವಿಡಿಯೋಗೆ ‘ಈಗ ತಾನೇ ನಮ್ಮೂರಲ್ಲಿ’ ಅಂತ ಬರೆದು ಹರಿಬಿಟ್ಟದ್ದೂ ಬರುತ್ತೆ. ಅಂಥದ್ದೊಂದನ್ನು ಮಳೆಗಾಲದಲ್ಲಿ ತರಗತಿಗೆ ತೋರಿಸಿ, ‘ಇದು ಇವತ್ತಿನದಾ?’ ಅಂತ ಕೇಳಿದೆ. ಎಲ್ಲರೂ ಆನೆ ಎಣಿಸುವುದರಲ್ಲಿದ್ದರು. ನಾಲ್ಕನೇ ತರಗತಿಯ ಒಬ್ಬಳು ಮಾತ್ರ ಆನೆ ಬಿಟ್ಟು ಗಿಡ ನೋಡುತ್ತಿದ್ದಳು. ‘ಮಿಸ್, ಕಾಫಿ ಹೂ ಬಿಟ್ಟಿದೆ!’ ಅಂದಳು. ಕಾಫಿ ಹೂವಾಗೋದು ಮಾರ್ಚ್, ಏಪ್ರಿಲ್ ಹೊತ್ತಿಗೆ, ಹೂಮಳೆ ಬಿದ್ದ ಮೇಲೆ. ಹೊರಗೆ ಆಷಾಢದ ಜಡಿಮಳೆ. ಇಡೀ ತರಗತಿ ಒಂದೇ ಸಲಕ್ಕೆ ನಕ್ಕಿತು.

ಅಲ್ಲಿಂದ ಮುಂದೆ ಅವರೇ ಪತ್ತೇದಾರರು. ಹಿಂದಿನ ಅಂಗಡಿ ಬೋರ್ಡು ಯಾವ ಭಾಷೆಯದು? ಗಾಡಿ ನಂಬರ್ ಕೆಎ ಇದೆಯಾ, ಕೆಎಲ್ ಇದೆಯಾ? ಮೆಸೇಜಿನ ನೆತ್ತಿಯ ಮೇಲೆ ಎರಡು ಬಾಣದ ಗುರುತು ಇದೆಯಾ? ಇದ್ದರೆ ಅದು ತುಂಬಾ ಕೈ ದಾಟಿ ಬಂದದ್ದು. ಒಂದು ಎಚ್ಚರ ಮಾತ್ರ ಮರೆಯದೇ ಹೇಳಿ: ಸುಳ್ಳಿರಬಹುದು ಅಂತ ಹೊರಗೆ ಹೋಗಿ ನೋಡೋದಲ್ಲ. ಒಳಗಿದ್ದುಕೊಂಡೇ ದೊಡ್ಡವರಿಗೆ ತೋರಿಸೋದು, ಫಾರ್ವರ್ಡ್ ಒತ್ತದೇ ಇರೋದು.

ಇದು ಮಕ್ಕಳಿಗಲ್ಲ, ನಿಮಗೆ: 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಗಾಳಿಸುದ್ದಿ ನಂಬಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಹೇಳಿತು. ಕಾಫಿ ಹೂವಿನ ಪಾಠ ಸಣ್ಣದಲ್ಲ ಮೇಡಂ.

ದಯವಿಟ್ಟು ಇದನ್ನೆಲ್ಲ ಒಂದೇ ಪೀರಿಯಡ್‌ನಲ್ಲಿ ಮುಗಿಸಿ, ಬ್ಯಾನರ್ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದು ಮೇಲಿನವರಿಗೆ ಕಳಿಸಿ ಕೈ ತೊಳೆದುಕೊಳ್ಳಬೇಡಿ. ವಾರಕ್ಕೆ ಹದಿನೈದು ನಿಮಿಷ ಸಾಕು.

ಪ್ರಶ್ನೆ: ಎರಡನೇ ತರಗತಿ ಮಗ ಯೂಟ್ಯೂಬಿನಲ್ಲಿ ಕಾರ್ಟೂನ್ ನೋಡುತ್ತಾ ನೋಡುತ್ತಾ ಏನೇನೋ ಕೆಟ್ಟ ವಿಡಿಯೋಗೆ ಹೋಗಿಬಿಡುತ್ತಾನೆ. ಏನು ಮಾಡಲಿ? (ಗೃಹಿಣಿ, ಚಿಕ್ಕಮಗಳೂರು)

ಉತ್ತರ: ಅವನು ಹೋಗುತ್ತಿಲ್ಲ, ಅದೇ ಕರೆದುಕೊಂಡು ಹೋಗುತ್ತಿದೆ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ ಮೊದಲು ಆಫ್ ಮಾಡಿ. ಯೂಟ್ಯೂಬ್ ಕಿಡ್ಸ್ ಅಂತ ಬೇರೆಯೇ ಆ್ಯಪ್ ಇದೆ. ಅದರಲ್ಲಿ ನಾಲ್ಕರವರೆಗೆ, ಐದರಿಂದ ಎಂಟು, ಒಂಬತ್ತರಿಂದ ಹನ್ನೆರಡು ಅಂತ ವಯಸ್ಸಿನ ವಿಭಾಗಗಳಿವೆ. ಹುಡುಕುವ ಸೌಲಭ್ಯ ಮುಚ್ಚಬಹುದು, ನೀವೇ ಆರಿಸಿದ ವಿಡಿಯೋ ಮಾತ್ರ ಕಾಣುವ ಹಾಗೂ ಇಡಬಹುದು. ಆದರೂ ಸೋಸುವ ಜಾಲರಿಯಲ್ಲಿ ತೂತು ಇದ್ದೇ ಇರುತ್ತೆ. ಅದಕ್ಕೇ ನನ್ನ ನಿಯಮ ಒಂದೇ: ಇಯರ್‌ಫೋನ್ ಇಲ್ಲ. ಸದ್ದು ಕೇಳಿಸುತ್ತಿದ್ದರೆ ನೀವು ಒಗ್ಗರಣೆ ಹಾಕುತ್ತಲೇ ಅವನೇನು ನೋಡುತ್ತಿದ್ದಾನೆ ಅಂತ ಗಮನಿಸಬಹುದು.

ವಾಟ್ಸಾಪ್, ಇನ್‌ಸ್ಟಾಗ್ರಾಮ್ ಎರಡಕ್ಕೂ 13 ತುಂಬಿರಬೇಕು ಅಂತ ಕಂಪನಿಗಳೇ ಹೇಳುತ್ತವೆ. ಅದು 1998ರ ಅಮೆರಿಕದ ಕಾನೂನಿನಿಂದ ಬಂದ ಲೆಕ್ಕ. ನಮ್ಮ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕು. ಹುಟ್ಟಿದ ವರ್ಷ ತಿದ್ದಿ ಮಗುವಿಗೆ ಖಾತೆ ತೆರೆದುಕೊಡುವ ಅಣ್ಣಂದಿರು, ಮಾವಂದಿರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮೇಲೊಂದು ಕಣ್ಣಿಡಿ.

ಪ್ರಶ್ನೆ: ಐದನೇ ತರಗತಿ ಮಗ ಗೇಮಿನಲ್ಲಿ ‘ಡೈಮಂಡ್’ ಕೊಳ್ಳೋಕೆ ನನ್ನ ಫೋನಿಂದ 1,800 ರೂಪಾಯಿ ಕಳೆದಿದ್ದಾನೆ. ಪಿನ್ ಹೇಗೆ ಗೊತ್ತಾಯಿತೋ! 1930ಕ್ಕೆ ಫೋನ್ ಮಾಡಲೇ? (ಕಡೂರು)

ಉತ್ತರ: 1930 ಆನ್‌ಲೈನ್ ಮೋಸದಲ್ಲಿ ದುಡ್ಡು ಕಳೆದುಕೊಂಡವರಿಗೆ. ಇಲ್ಲಿ ಕಳ್ಳ ಬಂದಿಲ್ಲ. ಗೂಗಲ್ ಪ್ಲೇ ಮೂಲಕ ಕೊಂಡಿದ್ದರೆ ಮರುಪಾವತಿ ಕೇಳಿ, 48 ಗಂಟೆಯೊಳಗೆ ಕೇಳಿದರೆ ಒಳ್ಳೆಯದು. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಪ್ಲೇ ಸ್ಟೋರ್ ಸೆಟ್ಟಿಂಗ್ ಬದಲಿಸಿ. ಯುಪಿಐ ಲೈಟ್ ಇದ್ದರೆ ಸಣ್ಣ ಮೊತ್ತ ಪಿನ್ ಇಲ್ಲದೆಯೂ ಹೋಗುತ್ತೆ, ಅದನ್ನೂ ನೋಡಿ. ಪಿನ್ ಹೇಗೆ ಗೊತ್ತಾಯಿತು ಅಂತೀರಾ? ‘ಕನ್ನಡಕ ತಂದಿಲ್ಲ, ನೀನೇ ಒತ್ತು ಮಗಾ’ ಅಂತ ಅಂಗಡಿ ಮುಂದೆ ಯಾವತ್ತೂ ಹೇಳಿಲ್ವಾ ಸರ್? ಇವತ್ತೇ ಬದಲಿಸಿ.

ಪ್ರಶ್ನೆ: ಮಗಳು ಐದನೇ ತರಗತಿ. ಶಾಲಾ ವಾರ್ಷಿಕೋತ್ಸವದ ಡ್ಯಾನ್ಸ್ ಫೋಟೋದಿಂದ ಅವಳ ಮುಖ ಕತ್ತರಿಸಿ, ಸ್ಟಿಕ್ಕರ್ ಮಾಡಿ ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ಕಣ್ಣು ಮುಚ್ಚಿ, ಬಾಯಿ ತೆರೆದ ಮುಖ. ಕೆಳಗೆ ‘ಎಮ್ಮೆ’ ಅಂತ ಬರೆದಿದ್ದಾರೆ. ಅವಳು ಶಾಲೆಗೆ ಹೋಗಲ್ಲ ಅಂತಿದ್ದಾಳೆ. ಶಾಲೆಯವರು ‘ಮಕ್ಕಳಾಟ, ಬಿಡಿ’ ಅಂತಾರೆ. (ಸಕಲೇಶಪುರ)

ಉತ್ತರ: ಬಿಡಬೇಡಿ. ತರಗತಿಯಲ್ಲಿ ಅಡ್ಡಹೆಸರು ಕರೆದರೆ ಅದು ಸಂಜೆಯ ಬೆಲ್ಲಿಗೆ ಮುಗಿಯುತ್ತೆ. ಸ್ಟಿಕ್ಕರ್ ಮುಗಿಯಲ್ಲ. ಕಳಿಸಿದವರು ಅಳಿಸಿದರೂ, ಉಳಿಸಿಕೊಂಡವರ ಫೋನಿನಲ್ಲಿ ಅದು ಹಾಗೇ ಇರುತ್ತೆ. ಮುಂದಿನ ವರ್ಷ ಇನ್ಯಾವುದೋ ಗ್ರೂಪಿನಲ್ಲಿ ಮತ್ತೆ ಏಳುತ್ತೆ.

ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ತಾರೀಖು, ನಂಬರ್ ಎರಡೂ ಕಾಣಲಿ. ಗ್ರೂಪಿನಲ್ಲಿ ಜಗಳಕ್ಕೆ ನಿಲ್ಲಬೇಡಿ, ಅಲ್ಲಿ ಪೋಷಕರು ಎರಡು ಪಾರ್ಟಿಯಾಗಿ ಒಡೆದು ಮಗುವಿನ ವಿಷಯ ಮೂಲೆಗೆ ಬೀಳುತ್ತೆ. ಅಡ್ಮಿನ್‌ಗೆ ಫೋನ್ ಮಾಡಿ. ಯಾರು ಹಾಕಿದ ಮೆಸೇಜನ್ನಾದರೂ ಎಲ್ಲರಿಗೂ ಕಾಣದ ಹಾಗೆ ಅಳಿಸುವ ಅಧಿಕಾರ ಅಡ್ಮಿನ್‌ಗಿದೆ. ಆಮೇಲೆ ಅದು ಬಂದ ನಂಬರಿಗೆ ನೇರವಾಗಿ ಮಾತಾಡಿ. ಅದು ಯಾರೋ ಅಮ್ಮನ ನಂಬರೇ ಆಗಿರುತ್ತೆ, ಪಾಪ ಆಯಮ್ಮನಿಗೆ ವಿಷಯವೇ ಗೊತ್ತಿರಲ್ಲ. ‘ನಿಮ್ಮ ಮಗ ಹೀಗ್ ಮಾಡಿದಾನೆ’ ಅಂತ ಶುರುಮಾಡಿದರೆ ‘ನಮ್ಮ ಹುಡುಗ ಅಂಥವನಲ್ಲ’ ಅಂತಲೇ ಉತ್ತರ ಬರೋದು. ‘ನಿಮ್ಮ ಫೋನಿಂದ ಒಂದು ಸ್ಟಿಕ್ಕರ್ ಬಂದಿದೆ ಅಕ್ಕಾ, ಒಂಚೂರು ತೆಗೆದು ನೋಡ್ತೀರಾ?’ ಅನ್ನಿ. ಗ್ರೂಪಿನಲ್ಲಿರುವ ಬೇರೆಯವರಿಗೂ ಸ್ಟಿಕ್ಕರ್ ಉಳಿಸಿಕೊಂಡಿದ್ದರೆ ತೆಗೆದುಹಾಕಿ ಅಂತ ಕೇಳಿಕೊಳ್ಳಿ.

ಮುಖ್ಯ ಶಿಕ್ಷಕರಿಗೆ ಬರಹದಲ್ಲಿ ಕೊಡಿ. ಮಾಡಿದ ಹುಡುಗನನ್ನು ಪ್ರಾರ್ಥನೆಯಲ್ಲಿ ನಿಲ್ಲಿಸಿ ಅವಮಾನ ಮಾಡೋದು ಬೇಡ ಅಂತಲೂ ಬರೆಯಿರಿ. ಅವನಿಗೂ ಹತ್ತೇ ವರ್ಷ. ನಾನಾಗಿದ್ದರೆ ಹುಡುಗಿಯ ಹೆಸರೆತ್ತದೆ ಇಡೀ ತರಗತಿಗೆ ಕೇಳುತ್ತಿದ್ದೆ: ಒಬ್ಬ ಮಾಡಿದ, ಸರಿ. ನಗುವ ಇಮೋಜಿ ಹಾಕಿದವರು ಯಾರು? ನೋಡಿ ಸುಮ್ನೆ ಇದ್ದವರು ಯಾರು? ‘ತೆಗಿಯೋ’ ಅಂದವರು ಒಬ್ಬರಾದರೂ ಇದ್ದಾರಾ? ಕೊನೆಯ ಪ್ರಶ್ನೆಗೆ ತರಗತಿ ತಲೆ ತಗ್ಗಿಸುತ್ತೆ, ಅಲ್ಲಿಂದ ಮಾತು ಶುರುವಾಗುತ್ತೆ.

ಒಂದು ಕೆಲಸ ಮಾತ್ರ ಮಾಡಬೇಡಿ. ‘ಇನ್ಮೇಲೆ ನಿಂಗೆ ಫೋನೇ ಇಲ್ಲ’ ಅಂತ ಮಗಳ ಕೈಯಿಂದ ಕಸಿಯಬೇಡಿ. ನೊಂದವಳಿಗೇ ಶಿಕ್ಷೆ ಆದರೆ ಮುಂದಿನ ಸಲ ಅವಳು ನಿಮಗೆ ಹೇಳೋದೇ ಇಲ್ಲ. ನನಗೆ ಬರುವ ಅರ್ಧಕ್ಕರ್ಧ ಪತ್ರಗಳಲ್ಲಿ ಮಗು ವಿಷಯ ಮುಚ್ಚಿಟ್ಟಿದ್ದು ಈ ಹೆದರಿಕೆಗೇ.

ಪ್ರಶ್ನೆ: ಮಿಸ್, ಗೇಮಲ್ಲಿ ಒಬ್ಬ ಅಣ್ಣ ಫ್ರೆಂಡ್ ಆಗಿದಾನೆ. ಮೊದಲು ಚೆನ್ನಾಗಿದ್ದ. ಈಗ ಫೋಟೋ ಕಳಿಸು, ಅಮ್ಮಂಗೆ ಹೇಳ್ಬೇಡ ಅಂತಾನೆ. ನಂದು ತಪ್ಪಾ?

(ಈ ಚೀಟಿ ಕಳಿಸಿದ್ದು ಮಗುವಿನ ಶಿಕ್ಷಕಿ. ಮನೆಯವರಿಗೆ ಆಗಲೇ ತಿಳಿಸಿದ್ದಾರೆ. ಇದೇ ಪ್ರಶ್ನೆ ಜೇಬಿನಲ್ಲಿಟ್ಟುಕೊಂಡಿರುವ ಬೇರೆ ಮಕ್ಕಳಿಗಾಗಿ ಇಲ್ಲಿ ಉತ್ತರ.)

ಉತ್ತರ: ನಿಂದು ತಪ್ಪಿಲ್ಲ ಕಂದಾ. ಆಟ ಆಡಿದ್ದು ತಪ್ಪಲ್ಲ, ಮಾತಾಡಿದ್ದೂ ತಪ್ಪಲ್ಲ, ಫೋಟೋ ಕಳಿಸಿಬಿಟ್ಟಿದ್ದರೂ ತಪ್ಪು ನಿಂದಲ್ಲ. ‘ಅಮ್ಮಂಗೆ ಹೇಳ್ಬೇಡ’ ಅನ್ನುವ ದೊಡ್ಡವರು ಒಳ್ಳೆಯವರಲ್ಲ. ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ಎರಡು ದಿನಕ್ಕೆ ತಾನೇ ಬಯಲಾಗುತ್ತೆ. ಯಾವತ್ತೂ ಹೇಳಲೇಬಾರದು ಅನ್ನೋ ಗುಟ್ಟನ್ನು ಇವತ್ತೇ ಹೇಳು. ಅವನಿಗೆ ಉತ್ತರ ಕೊಡಬೇಡ. ಏನನ್ನೂ ಅಳಿಸಬೇಡ. ಫೋನ್ ಹಾಗೇ ತಗೊಂಡು ಹೋಗಿ ಅಮ್ಮನಿಗೆ ಕೊಡು. ಅಮ್ಮನಿಗೆ ಹೇಳೋಕೆ ಭಯವಾದರೆ ಅಜ್ಜಿಗೆ, ಚಿಕ್ಕಮ್ಮನಿಗೆ, ಮಿಸ್‌ಗೆ. ಯಾರೂ ಸಿಗಲಿಲ್ಲವಾ, 1098 ಒತ್ತು. ರಾತ್ರಿಯಾದರೂ ಎತ್ತುತ್ತಾರೆ, ದುಡ್ಡು ಬೀಳಲ್ಲ.

ಅಮ್ಮ, ಅಪ್ಪ ಇದನ್ನು ಓದುತ್ತಿದ್ದರೆ: ಮೊದಲ ಮಾತು ‘ಹೇಳಿದ್ದು ಒಳ್ಳೇದಾಯ್ತು’ ಅನ್ನೋದೇ ಆಗಿರಲಿ, ಬೈಗುಳ ಬೇಡ. ಚಾಟ್ ಉಳಿಸಿಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದ ಮೇಲೆ ಬ್ಲಾಕ್ ಮಾಡಿ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಹೋಗೋಕೆ ಆಗದಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಕೆಟ್ಟ ಉದ್ದೇಶದಿಂದ ಫೋನಿನಲ್ಲಿ ಮಗುವಿನ ಬೆನ್ನು ಬೀಳೋದೂ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮಗುವಿನ ಹೆಸರು ಹೊರಗೆ ಬರಬಾರದು ಅಂತ ಅದೇ ಕಾಯ್ದೆ ಹೇಳುತ್ತೆ.

ಪ್ರಶ್ನೆ: ಇಷ್ಟೆಲ್ಲ ತಲೆನೋವು ಯಾಕಮ್ಮ? ಎಸ್ಸೆಸ್ಸೆಲ್ಸಿವರೆಗೆ ಫೋನ್ ಮುಟ್ಟಬಾರದು ಅಂತ ಸರ್ಕಾರ ಕಾನೂನು ಮಾಡಿದರೆ ಆಗಲ್ವಾ? ಆಸ್ಟ್ರೇಲಿಯಾದಲ್ಲಿ ಮಾಡಿದ್ದಾರಂತೆ. (ನಿವೃತ್ತ ನೌಕರರು, ಬೇಲೂರು)

ಉತ್ತರ: ಆಸ್ಟ್ರೇಲಿಯಾದ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂತು ತಾತ. 16 ತುಂಬದವರು ದೊಡ್ಡ ಸೋಷಿಯಲ್ ಮೀಡಿಯಾಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ ಅಂತ. ಫೋನ್ ಮುಟ್ಟಬಾರದು ಅಂತಲ್ಲ. ತಪ್ಪಿದರೆ ದಂಡ ಕಂಪನಿಗೆ, ಮಗುವಿಗೂ ಅಲ್ಲ, ಅಪ್ಪ ಅಮ್ಮನಿಗೂ ಅಲ್ಲ. ಆ ಭಾಗ ನನಗೂ ಇಷ್ಟ. ಆದರೆ ನಮ್ಮ ಮಕ್ಕಳು ನೋಡೋದು ಅಮ್ಮನ ಖಾತೆಯಲ್ಲಿ. ಅದನ್ನು ಯಾವ ಕಾನೂನು ತಡೆಯುತ್ತೆ ಹೇಳಿ?

ಪತ್ರದ ಜೊತೆ ನಿಮ್ಮ ನಂಬರೂ ಇತ್ತು, ಮಾತಾಡೋಣ ಅಂತ ಸೇವ್ ಮಾಡಿದೆ. ನಿಮ್ಮ ವಾಟ್ಸಾಪ್ ಡಿಪಿಯಲ್ಲಿ ಮೊಮ್ಮಗಳು ಯೂನಿಫಾರ್ಮಿನಲ್ಲಿ ನಿಂತಿದ್ದಾಳೆ. ಬ್ಯಾಡ್ಜಿನಲ್ಲಿ ಶಾಲೆಯ ಹೆಸರು, ಐಡಿ ಕಾರ್ಡಿನಲ್ಲಿ ಅವಳ ಹೆಸರು, ಹಿಂದೆ ಶಾಲಾ ವ್ಯಾನಿನ ನಂಬರ್, ಎಲ್ಲವನ್ನೂ ಓದಬಹುದು. ಮುದ್ದಾಗಿದ್ದಾಳೆ, ದೃಷ್ಟಿ ತೆಗೆಯಿರಿ. ಫೋಟೋನೂ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿಗೆ ಹೋಗಿ ಪ್ರೊಫೈಲ್ ಫೋಟೋ ಅನ್ನೋದನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಬದಲಿಸಿ. ಸಿಗದಿದ್ದರೆ ಮೊಮ್ಮಗಳನ್ನೇ ಕೇಳಿ, ಅವಳಿಗೆ ಗೊತ್ತಿರುತ್ತೆ.