ಆರೋಗ್ಯ ನೀತಿಯ ಕೆಲಸಕ್ಕೆ ಎಲ್ಲಿಂದ ಹೊರಡಬೇಕು?

ಹಾಸನದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿರುವ ತಾವು, ಆರೋಗ್ಯದಲ್ಲಿ ಸಮಾನತೆ ತರುವ ನೀತಿ ನಿರೂಪಣೆಯ ಕಡೆಗೆ ಹೋಗಲು ಈಗಲೇ ಎಂ.ಪಿ.ಎಚ್. (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಸೇರಬೇಕೇ ಎಂದು ಕೇಳಿದ್ದೀರಿ. ಸೇರಿ, ಆದರೆ ಎರಡು ವರ್ಷ ತಡೆದು ಸೇರಿ. ಆ ಎರಡು ವರ್ಷ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಓಡಾಡಿ ಕೆಲಸ ಮಾಡಿ ಎಂಬುದು ನನ್ನ ಸಲಹೆ.

ನನ್ನನ್ನು ಈ ಕ್ಷೇತ್ರಕ್ಕೆ ಎಳೆದದ್ದು ಮೂಡಿಗೆರೆ ಕಡೆಯ ಒಂದು ಕೇಂದ್ರದ ರಿಜಿಸ್ಟರು. ಗರ್ಭಿಣಿಯರ ಉಚಿತ ತಪಾಸಣೆಗೆಂದು 2016ರಿಂದ ದೇಶದಾದ್ಯಂತ ಪ್ರತಿ ತಿಂಗಳ 9ನೇ ತಾರೀಖನ್ನು ಗೊತ್ತುಮಾಡಲಾಗಿದೆ. ಉಳಿದ ತಿಂಗಳುಗಳಲ್ಲಿ ತಪ್ಪದೆ ಬರುತ್ತಿದ್ದ, ಕಾಫಿ ತೋಟದ ಕೂಲಿಕಾರರು ವಾಸಿಸುವ ಲೈನ್ ಮನೆಗಳ ಹೆಂಗಸರು ಡಿಸೆಂಬರ್, ಜನವರಿಯಲ್ಲಿ ಮಾತ್ರ ಬರುತ್ತಿರಲಿಲ್ಲ. ತಿಳಿವಳಿಕೆಯ ಕೊರತೆ ಎಂದು ನಾನು ವರದಿಯಲ್ಲಿ ಬರೆದೆ. ಅದನ್ನು ಓದಿದ ಆಶಾ ಕಾರ್ಯಕರ್ತೆ, "ಇದು ಕುಯ್ಲಿನ ಕಾಲ ಮೇಡಂ. ಕೆ.ಜಿ. ಲೆಕ್ಕದ ಕೂಲಿ. ಒಂದು ದಿನ ಬಿಟ್ಟರೆ ಆ ದುಡ್ಡು ಯಾರು ಕೊಡ್ತಾರೆ?" ಎಂದರು. ವರದಿಯ ಆ ವಾಕ್ಯವನ್ನು ನಾನು ಹೊಡೆದುಹಾಕಿದೆ. ಸಂತೆಯ ದಿನ ತೋಟಕ್ಕೆ ರಜೆಯಿರುವುದರಿಂದ, ಕುಯ್ಲು ಮುಗಿಯುವವರೆಗೆ ಅಂದೂ ಒಂದು ತಪಾಸಣೆ ಇಡಬೇಕೆಂಬ ಮನವಿಯೇ ನಾನು ಬರೆದ ಮೊದಲ ನೀತಿ ಟಿಪ್ಪಣಿ.

ಹೆಚ್ಚು ಅಗತ್ಯವಿರುವವರಿಗೇ ಚಿಕಿತ್ಸೆ ಕಡಿಮೆ ದೊರೆಯುತ್ತದೆ ಎಂದು ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು. ಇದು ಯಾರದೋ ಕೆಟ್ಟ ಮನಸ್ಸಿನಿಂದ ಆಗುವುದಲ್ಲ, ಬಹಳ ಸಲ ನಿಯಮದ ಒಂದು ಸಾಲಿನಿಂದಲೇ ಆಗುತ್ತದೆ. ಬಯಲು ಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಮಾನದಂಡದಲ್ಲಿ ದೂರದ ಕಷ್ಟಕ್ಕೆ ಒಂದಿಷ್ಟು ಬೆಲೆಯಿದೆ. ಆದರೆ ಕುಯ್ಲಿಗೆಂದು ಅಸ್ಸಾಂನಿಂದ ಬಂದು ಮೂರು ತಿಂಗಳು ಇದ್ದು ಹೋಗುವ ಕುಟುಂಬ ಆ ಲೆಕ್ಕದೊಳಗೆ ಸೇರುವುದಿಲ್ಲ. ತೋಟದ ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ ಒದಗಿಸುವುದು ಮಾಲೀಕರ ಹೊಣೆ ಎಂದ 1951ರ ತೋಟ ಕಾರ್ಮಿಕರ ಕಾಯ್ದೆಯೂ, ತಿದ್ದುಪಡಿಯ ನಂತರ, 5 ಹೆಕ್ಟೇರಿಗೆ ಕಡಿಮೆಯಿಲ್ಲದ ಮತ್ತು 15 ಜನರಾದರೂ ದುಡಿಯುವ ತೋಟಗಳಿಗೆ ಸೀಮಿತವಾಗಿತ್ತು. ಚಿಕ್ಕ ಹಿಡುವಳಿಯಲ್ಲಿ ಅದೇ ಹಣ್ಣು ಕೊಯ್ಯುವವಳು ಅದರ ಹೊರಗೇ ಉಳಿದಳು. ಇಂಥ ಸಾಲುಗಳನ್ನು ಹುಡುಕಿ, ಅವುಗಳಿಂದ ಹೊರಗುಳಿದವರು ಯಾರೆಂದು ಎಣಿಸಿ, ತಿದ್ದುವ ದಾರಿಯನ್ನು ಅಧಿಕಾರಿಗಳ ಮುಂದಿಡುವುದೇ ಈ ವೃತ್ತಿ.

ಎಣಿಸಲು ಸಂಖ್ಯಾಶಾಸ್ತ್ರವೂ, ರೋಗ ಯಾರಲ್ಲಿ, ಏಕೆ ಹರಡುತ್ತದೆ ಎಂದು ಅಧ್ಯಯನ ಮಾಡುವ ಎಪಿಡೆಮಿಯಾಲಜಿಯೂ ಬೇಕೇ ಬೇಕು, ಎಂ.ಪಿ.ಎಚ್. ಅದನ್ನು ಕಲಿಸುತ್ತದೆ. ಕೆಲಸಗಳು ರಾಷ್ಟ್ರೀಯ ಆರೋಗ್ಯ ಅಭಿಯಾನ, ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಸಿಗುತ್ತವೆ, ಹೆಚ್ಚಿನವು ಗುತ್ತಿಗೆಯವು. ಮನೆಯವರು ಕಾಯಂ ನೌಕರಿ ನಿರೀಕ್ಷಿಸುತ್ತಿದ್ದರೆ ಈ ಮಾತನ್ನು ಅವರೊಡನೆ ಮೊದಲೇ ಆಡಿಬಿಡಿ. ಸಕಲೇಶಪುರ ತಮಗೆ ಹತ್ತಿರವೇ ಇದೆ. ಬರುವ ಕುಯ್ಲಿನಲ್ಲಿ ಅಲ್ಲಿನ ಯಾವುದಾದರೂ ಉಪಕೇಂದ್ರಕ್ಕೆ ಹೋಗಿ, ವೈದ್ಯಾಧಿಕಾರಿಗಳ ಅನುಮತಿ ಪಡೆದು, ಆಶಾ ಕಾರ್ಯಕರ್ತೆಯ ಜೊತೆ ಒಂದು ವಾರ ಲೈನ್ ಮನೆಗಳಿಗೆ ನಡೆದು ನೋಡಿ.