"ನಂಗೂ ಹಂಗೇ ಹೇಳ್ತಾಳೆ"

ಧಾರಾವಾಹಿ ಕಲಾವಿದರು ಈಚೆಗೆ ಮಕ್ಕಳ ವಿಷಯದಲ್ಲಿ ಸಲಹೆ ಕೇಳಲು ನನ್ನ ಬಳಿ ಜಾಸ್ತಿ ಬರುತ್ತಿದ್ದಾರೆ. ಕೇಳುವ ಪ್ರಶ್ನೆ ಒಂದೇ: "ಮಗುವಿಗಾಗಿ ನಟನೆ ಬಿಡಬೇಕಾ ಮೇಡಂ?" ಇದುವರೆಗೆ ಹಾಗೆ ಕೇಳಿದವರೆಲ್ಲ ತಾಯಂದಿರೇ. ಗುರುತು ಸಿಗದಂತೆ ಹೆಸರು, ವಿವರ ಬದಲಿಸಿ ಒಬ್ಬರ ವಿಷಯ ಬರೆಯುತ್ತಿದ್ದೇನೆ.

ಸುಧಾ ಬೆಂಗಳೂರಿನವರು. ದಿನವೂ ಪ್ರಸಾರವಾಗುವ ಧಾರಾವಾಹಿಯಲ್ಲಿ ಮುಖ್ಯ ಪಾತ್ರ, ತಿಂಗಳಿಗೆ 20 ದಿನ ಶೂಟಿಂಗ್. ಗಂಡ ಕ್ಯಾಮೆರಾಮನ್. ಔಟ್‌ಡೋರ್ ಹೋದರೆ ವಾರಗಟ್ಟಲೆ ಮನೆಯಲ್ಲಿರುವುದಿಲ್ಲ. 6 ವರ್ಷದ ಚಿನ್ನುವನ್ನು ನೋಡಿಕೊಳ್ಳುವುದು ಅಜ್ಜಿ. ಸಂಜೆಯಾದರೆ ಮಗುವಿಗೆ ಹೊಟ್ಟೆನೋವು. ಡಾಕ್ಟರು ನೋಡಿ ಏನೂ ತೊಂದರೆ ಇಲ್ಲ ಎಂದಿದ್ದರು. ಸೀರಿಯಲ್ ಬಿಟ್ಟರೆ ಎಲ್ಲಾ ಸರಿಹೋಗುತ್ತೆ ಎಂದು ಅಜ್ಜಿ ಪಟ್ಟು ಹಿಡಿದಿದ್ದರು.

ಎರಡನೇ ಭೇಟಿಯಲ್ಲಿ ಚಿನ್ನು ಗೊಂಬೆಮನೆ ಇಟ್ಟುಕೊಂಡು ಆಡುತ್ತಿದ್ದಳು. ಒಂದು ಗೊಂಬೆಯನ್ನು ಬಾಗಿಲ ಹತ್ತಿರ ಕೂರಿಸಿದ್ದಳು. "ಇವಳು ಯಾಕೆ ಒಳಗೆ ಬರಲ್ಲ?" ಎಂದೆ. "ಅಮ್ಮ ದಾರೀಲಿದ್ದಾಳಂತೆ" ಎಂದಳು.

ಅಷ್ಟರಲ್ಲಿ ಸುಧಾ ಅವರಿಗೆ ಸೆಟ್‌ನಿಂದ ಫೋನ್ ಬಂತು. "ಹೊರಟೆ ಸರ್, ದಾರೀಲಿದ್ದೀನಿ, ಇನ್ನೈದೇ ನಿಮಿಷ" ಎಂದರು. ನನ್ನೆದುರು ಕುರ್ಚಿಯಲ್ಲೇ ಕೂತಿದ್ದರು.

ಚಿನ್ನು ತಲೆ ಎತ್ತಲಿಲ್ಲ. "ನಂಗೂ ಹಂಗೇ ಹೇಳ್ತಾಳೆ" ಎಂದಳು.

ಸುಧಾ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಊಟ ಮಾಡಲಿ ಅಂತ ಹಾಗೆ ಹೇಳ್ತೀವಿ ಮೇಡಂ. ನಮ್ಮಮ್ಮನೂ ಹೇಳ್ತಾರೆ, ನಾನೂ ಹೇಳ್ತೀನಿ" ಎಂದರು.

ಮಗುವಿನ ಸಂಜೆಗಳು ಹೇಗೆ ಕಳೆಯುತ್ತವೆ ಎಂದು ನನಗೆ ಆಗ ಗೊತ್ತಾಯಿತು. 7 ಗಂಟೆಯಿಂದ ನಿದ್ದೆ ಬರುವವರೆಗೆ ಅವಳ ಕಿವಿ ಗೇಟಿನ ಸದ್ದಿನ ಮೇಲೇ ಇರುತ್ತಿತ್ತು. ಅಮ್ಮ ಬರಲ್ಲ ಎಂದು ಯಾರೂ ಹೇಳಿಲ್ಲ, ಹಾಗಾಗಿ ಅಳುವ ಹಾಗೂ ಇಲ್ಲ.

ನಾನು ಕೆಲಸ ಬಿಡಿ ಎನ್ನಲಿಲ್ಲ. ಪ್ಯಾಕಪ್, ಅಂದರೆ ದಿನದ ಶೂಟಿಂಗ್ ಮುಗಿಯುವುದು ಯಾವಾಗ ಎನ್ನುವುದು ಸುಧಾ ಕೈಯಲ್ಲಿಲ್ಲ. ಮೊದಲೇ ಚಿತ್ರೀಕರಿಸಿಟ್ಟ ಎಪಿಸೋಡ್‌ಗಳು ಇಲ್ಲದ ವಾರ ಇವತ್ತು ತೆಗೆದದ್ದು ನಾಳೆಯೇ ಪ್ರಸಾರವಾಗಬೇಕು. ಬಾಲಕಲಾವಿದರಿಗೆ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು ಎಂದು ಕಾನೂನಿದೆ. ಧಾರಾವಾಹಿಯಲ್ಲಿ ಸುಧಾ ಮಗಳ ಪಾತ್ರ ಮಾಡುವ ಹುಡುಗಿಗೆ ಆ ರಕ್ಷಣೆ ಉಂಟು. ಮನೆಯಲ್ಲಿ ಕಾಯುವ ಮಗಳಿಗೆ ಅಂಥದ್ದೇನಿಲ್ಲ. ಅವಳಿಗೆ ಕೊಡಲು ಆಗುವುದು ನಿಜ ಒಂದೇ.

ಒಂದು ಕ್ಯಾಲೆಂಡರ್ ತೂಗುಹಾಕಲು ಹೇಳಿದೆ. ರಾತ್ರಿ ಮರುದಿನದ ಕಾಲ್‌ಟೈಮ್ (ಸೆಟ್‌ಗೆ ಬರಬೇಕಾದ ಹೊತ್ತು) ತಿಳಿದ ಮೇಲೆ ಸುಧಾ ಅದರಲ್ಲಿ ಚಿತ್ರ ಬರೆಯಬೇಕು. ಸೂರ್ಯನಿದ್ದರೆ ಊಟಕ್ಕೆ ಅಮ್ಮ ಇರುತ್ತಾಳೆ. ಚಂದ್ರನಿದ್ದರೆ ಮಲಗಿದ ಮೇಲೆ ಬರುತ್ತಾಳೆ. ಅನುಮಾನವಿದ್ದರೆ ಚಂದ್ರನೇ. "ಈಗ ಬಂದಳು" ಎಂದು ಮನೆಯಲ್ಲಿ ಯಾರೂ ಹೇಳಕೂಡದು. ಬೆಳಿಗ್ಗೆ ಜಡೆ ಹಾಕುವ 15 ನಿಮಿಷ ಅಮ್ಮನದೇ. ಆಗ ಫೋನ್ ಬೇರೆ ಕೋಣೆಯಲ್ಲಿರಬೇಕು.

ಮೊದಲ ಚಂದ್ರನ ದಿನ ಚಿನ್ನು ಜೋರಾಗಿ ಅತ್ತಳು. ಅಜ್ಜಿ ಸಿಟ್ಟಿನಿಂದ ಫೋನ್ ಮಾಡಿ, "ಮಗೂನ ಅಳಿಸೋದೂ ಒಂದು ಸಲಹೇನಾ?" ಎಂದು ಕೇಳಿದರು. ಹೌದಮ್ಮ ಎಂದೆ. ಇವತ್ತೂ ಅದನ್ನೇ ಹೇಳುತ್ತೇನೆ. ಆ ಅಳು ಅವಳೊಳಗೆ ಮೊದಲಿಂದಲೂ ಇತ್ತು, ಹೊಟ್ಟೆನೋವಾಗಿ ಬರುತ್ತಿತ್ತು. ಅವತ್ತು ಅತ್ತು, ಅಜ್ಜಿಯ ತೊಡೆ ಮೇಲೆ ಕೂತು ಮೊಸರನ್ನ ತಿಂದು ಮಲಗಿದಳು.

ಮಗಳ ಪರ ನಿಲ್ಲದೆ ಅಮ್ಮನ ಕೆಲಸದ ಪರ ನಿಂತಿರಿ ಎಂದು ಪರಿಚಿತರೊಬ್ಬರು ನನ್ನನ್ನು ಟೀಕಿಸಿದರು. ಆ ಮನೆಯಲ್ಲಿ ಅಪ್ಪನೂ ಇರುತ್ತಿರಲಿಲ್ಲ. ಅವರು ಕ್ಯಾಮೆರಾ ಬಿಡಲಿ ಎಂದು ಯಾರಾದರೂ ಹೇಳಿದರಾ?

ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಕ್ಯಾಲೆಂಡರಿನಲ್ಲಿ ಅಪ್ಪನದೂ ಬರೆಯಬೇಕು ಎಂದು ಚಿನ್ನುವೇ ಕೇಳಿದ್ದಾಳಂತೆ. ಮುಂದಿನ ಭೇಟಿಗೆ ಅವರನ್ನೂ ಕರೆದಿದ್ದೇನೆ.